ಜಲಚಕ್ರ ಪಾಠ ಯೋಜನೆಯ ಫಲಾನುಭವಿಗಳು

ದೆಹಲಿಯ ಆರ್.ಕೆ.ಪುರಂನಲ್ಲಿ, ಸರ್ಕಾರಿ ಕ್ವಾರ್ಟರ್ಸಿನ ಮೂರನೆಯ ಮಹಡಿಯಲ್ಲಿ ವಾಸವಾಗಿದ್ದ ಕೇಂದ್ರ ಸಚಿವಾಲಯದ ಸೆಕ್ಷನ್ ಆಫೀಸರ್ ಬಸವಲಿಂಗಪ್ಪನವರಿಗೆ ಜಗತ್ತಿನಲ್ಲಿ ಒಂದೇ ಒಂದು ಪ್ರಶ್ನೆಯ ಭಯವಿತ್ತು. ಅದು ಸಂಸತ್ತಿನಲ್ಲಿ ಕೇಳುವಂಥ ಪ್ರಶ್ನೆಯಲ್ಲ. ಅಂಥವಕ್ಕೆ ಅವರು ಇಪ್ಪತ್ತೆಂಟು ವರ್ಷಗಳಿಂದ ಉತ್ತರ ಬರೆಯುತ್ತ ಬಂದಿದ್ದರು. ಓದಿದವರಿಗೆ ಏನೂ ತಿಳಿಯದ ಹಾಗೆ ಉತ್ತರ ಬರೆಯುವುದರಲ್ಲಿ ಅವರದು ಎತ್ತಿದ ಕೈ. ಅವರನ್ನು ನಡುಗಿಸುತ್ತಿದ್ದದ್ದು ಮೆಟ್ಟಿಲ ಮೇಲೆ, ಹಾಲಿನ ಬೂತಿನ ಮುಂದೆ, ಕನ್ನಡದವರ ಮದುವೆಯ ಊಟದ ಪಂಕ್ತಿಯಲ್ಲಿ ಎದುರಾಗುತ್ತಿದ್ದ ಪ್ರಶ್ನೆ: "ಮತ್ತೆ, ಮಗ ಏನ್ ಮಾಡ್ತಿದಾನೆ?"

ನಾಲ್ಕು ವರ್ಷ ಇದಕ್ಕೆ ಸೊಗಸಾದ ಉತ್ತರವಿತ್ತು. "ಪ್ರಿಪರೇಷನ್." ದೆಹಲಿಯಲ್ಲಿ ಆ ಪದಕ್ಕೆ ಒಂದೇ ಅರ್ಥ. ಹುಡುಗ ಕಲೆಕ್ಟರಾಗುವ ಪರೀಕ್ಷೆಗೆ ಓದುತ್ತಿದ್ದಾನೆಂದು ಕೇಳಿದವರು ತಾವಾಗಿಯೇ ತಿಳಿದು, ತುಸು ತಲೆಬಾಗಿ, ಪಕ್ಕಕ್ಕೆ ಸರಿಯುತ್ತಿದ್ದರು. ಮಗ ಮಹಂತೇಶ್ ನಾಲ್ಕು ಸಲ ಆ ಪರೀಕ್ಷೆ ಬರೆದ, ನಾಲ್ಕು ಸಲವೂ ಮೊದಲ ಹಂತದಲ್ಲೇ ಮುಗ್ಗರಿಸಿದ, ಮತ್ತು ಒಂದು ಭಾನುವಾರ ಮಧ್ಯಾಹ್ನ ರೊಟ್ಟಿ ಮುರಿಯುತ್ತ ಶಾಂತವಾಗಿ ಹೇಳಿದ:

"ಅಪ್ಪಾ, ನಾನು ಬಿ.ಎಡ್.ಗೆ ಸೇರಿದೀನಿ. ಮೇಷ್ಟ್ರಾಗ್ತೀನಿ. ಆರು, ಏಳು, ಎಂಟನೇ ಕ್ಲಾಸಿನ ಮಕ್ಕಳ ಜೊತೆ ನಂಗೆ ಚೆನ್ನಾಗಿ ಹೊಂದುತ್ತೆ."

ಬಸವಲಿಂಗಪ್ಪನವರು ತುತ್ತನ್ನು ತಟ್ಟೆಗೇ ಇಳಿಸಿದರು. "ಹೈಸ್ಕೂಲಾದ್ರೂ ಅಲ್ವೇನೋ?"

"ಅಲ್ಲಪ್ಪಾ. ಮಿಡ್ಲ್ ಸ್ಕೂಲು."

"ಒಳ್ಳೇದಾಯ್ತು ಬಿಡು," ಎಂದರು ಲೀಲಾವತಿ, ಗಂಡನ ತಟ್ಟೆಗೆ ಪಲ್ಯ ಬಡಿಸುತ್ತ. "ಈ ಮನೇಲಿ ಒಬ್ರಾದ್ರೂ ಅರ್ಥ ಆಗೋ ಹಾಗೆ ಮಾತಾಡೋರು ಬೇಕಿತ್ತು."

ಅಂದಿನಿಂದ ಬಸವಲಿಂಗಪ್ಪನವರು ಹೊಸ ಉತ್ತರ ಕಲಿತರು. "ಯೂನಿವರ್ಸಿಟೀಲಿದಾನೆ." ಇದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ಕೇಳಿದವರು ಪ್ರೊಫೆಸರ್ ಎಂದುಕೊಂಡರೆ ಅದು ಅವರ ತಪ್ಪು. ಬಿ.ಎಡ್. ಎಂಬ ಎರಡಕ್ಷರವನ್ನು ಬಂಧುಬಳಗದಲ್ಲಿ ಯಾರಿಗೂ ಹೇಳಕೂಡದೆಂದು ಹೆಂಡತಿಗೂ ಕಟ್ಟಪ್ಪಣೆ ಮಾಡಿದರು.

ಹೀಗೆ ಎರಡು ವರ್ಷ ಸರಾಗವಾಗಿ ಕಳೆದವು. ಕೊನೆಯ ಸೆಮಿಸ್ಟರಿನಲ್ಲಿ ಮಹಂತೇಶನಿಗೆ ಒಂದು ಗಂಡಾಂತರ ಎದುರಾಯಿತು. ಬಿ.ಎಡ್. ಮಾಡುವವರು ಯಾವುದಾದರೂ ಶಾಲೆಗೆ ಹೋಗಿ, ಹೊರಗಿನಿಂದ ಬಂದ ಪರೀಕ್ಷಕರ ಮುಂದೆ ಒಂದು ಪಾಠ ಮಾಡಿ ತೋರಿಸಬೇಕು. ಮಹಂತೇಶನ ಮೊದಲ ಪ್ರಯತ್ನ ನೆಲಕಚ್ಚಿತ್ತು. ನಾಲ್ಕು ವರ್ಷದ ಪ್ರಿಪರೇಷನ್ನಿನ ಚಾಳಿಯಿಂದ ಅವನು ಆರನೇ ತರಗತಿಗೆ ಪಂಚಾಯತಿಯ ಪಾಠವನ್ನು "ಒಂದೆಡೆ", "ಇನ್ನೊಂದೆಡೆ", "ಒಟ್ಟಾರೆಯಾಗಿ" ಎಂದು ನಲವತ್ತು ನಿಮಿಷ ಕೊರೆದಿದ್ದ. ಇಬ್ಬರು ಮಕ್ಕಳು ನಿದ್ದೆಹೋಗಿದ್ದರು, ಪರೀಕ್ಷಕರೂ ತೂಕಡಿಸಿದ್ದರು. ಈಗ ಇನ್ನೊಂದೇ ಅವಕಾಶ. ಅದೂ ಕೈತಪ್ಪಿದರೆ ಡಿಗ್ರಿ ಇಲ್ಲ, ಎರಡು ವರ್ಷ ನೀರಲ್ಲಿ ಹೋಮ. ಈ ಸಲ ಅವನು ಆರಿಸಿಕೊಂಡದ್ದು ಏಳನೇ ತರಗತಿಗೆ ಜಲಚಕ್ರದ ಪಾಠ.

ಮನೆಯಲ್ಲೇ ತಾಲೀಮು ನಡೆಯಿತು. ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ಮಹಂತೇಶ್ ಕೇಳಿದ: "ಮಕ್ಕಳೇ, ನೀರು ನಮಗೆ ಎಲ್ಲಿಂದ ಬರುತ್ತೆ?"

"ಟ್ಯಾಂಕರಿಂದ," ಎಂದರು ಬಸವಲಿಂಗಪ್ಪ.

"ಅಪ್ಪಾ, ಮೋಡದಿಂದ."

"ಮೋಡ ಮೂರನೇ ಮಹಡೀಗೆ ಯಾವತ್ತು ನೀರು ಕೊಟ್ಟಿದೆಯೋ? ಹದಿನೈದು ವರ್ಷದಿಂದ ಬಕೆಟ್ ಹೊತ್ತಿದೀನಿ, ನಂಗೊತ್ತಿಲ್ವಾ?"

ಇದು ಏಪ್ರಿಲ್ ತಿಂಗಳ ಮಾತು. ದೆಹಲಿಯಲ್ಲಿ ಬಿಸಿಲು ಏರುತ್ತಿತ್ತು, ಆ ಬ್ಲಾಕಿನ ನಲ್ಲಿಗಳು ಸೊರಗುತ್ತಿದ್ದವು. ಎರಡನೇ ಮಹಡಿಯಿಂದ ಮೇಲೆ ಬೆಳಗಿನ ನೀರು ಹತ್ತು ನಿಮಿಷ ತೊಟ್ಟಿಕ್ಕಿ ನಿಂತುಬಿಡುತ್ತಿತ್ತು. ಈ ಸಂಗತಿ ನೆನಪಿಟ್ಟುಕೊಂಡು ಮುಂದಿನದನ್ನು ಓದಿದರೆ ಆಮೇಲೆ ನಡೆದದ್ದಕ್ಕೆ ಯಾರನ್ನೂ ಪೂರ್ತಿ ದೂರಲಾಗದು.

ಗುರುವಾರ ಸಂಜೆ ಅಪ್ಪ ಮಗ ಮೆಟ್ಟಿಲು ಹತ್ತುತ್ತಿದ್ದಾಗ ಮಹಂತೇಶನ ಕಂಕುಳಿಂದ ಫೈಲೊಂದು ಜಾರಿ ನೆಲಮಹಡಿಯ ಚೌಧರಿಯ ಕಾಲ ಬಳಿ ಬಿತ್ತು. ಚೌಧರಿ ಬೇರೊಂದು ಸಚಿವಾಲಯದ ನೌಕರ, ಬ್ಲಾಕಿನ ನಿವಾಸಿಗಳ ಸಂಘದ ಅಧ್ಯಕ್ಷ, ಹೋಗುವವರ ಬರುವವರ ಚೀಲಗಳಲ್ಲಿ ಏನಿದೆಯೆಂದು ವಾಸನೆಯಿಂದಲೇ ಹೇಳಬಲ್ಲವನು. ಫೈಲು ಎತ್ತಿಕೊಡುವ ನೆಪದಲ್ಲಿ ತೆರೆದು ನೋಡಿದ. ಶಾಲೆ ಹಿಂದಿ ಮಾಧ್ಯಮದ್ದಾದ್ದರಿಂದ ಮಹಂತೇಶ್ ಹಿಂದಿಯಲ್ಲೇ ಬರೆದಿದ್ದ. ಮೇಲೆ ದಪ್ಪಕ್ಷರದಲ್ಲಿ "ಜಲಚಕ್ರ", ಅದರ ಕೆಳಗೆ "ಪಾಠ ಯೋಜನಾ". ಅದರ ಕೆಳಗೆ "ಉದ್ದೇಶ್ಯ". ಅದರ ಕೆಳಗೆ "ಸಹಾಯಕ ಸಾಮಗ್ರಿ: ಒಂದು ಎಲೆಕ್ಟ್ರಿಕ್ ಕೆಟ್ಲು, ಒಂದು ಸ್ಟೀಲ್ ತಟ್ಟೆ, ಒಂದು ಬಕೆಟ್ಟು".

ಬಿ.ಎಡ್. ಮಾಡಿದವರಿಗೆ ಪಾಠ ಯೋಜನೆಯೆಂದರೆ ಪಾಠ ಹೇಗೆ ಮಾಡಬೇಕೆಂಬ ಬರಹ, ಸಹಾಯಕ ಸಾಮಗ್ರಿಯೆಂದರೆ ತರಗತಿಗೆ ಒಯ್ಯುವ ಸಾಮಾನು. ಆದರೆ ಚೌಧರಿ ಸರ್ಕಾರಿ ನೌಕರ. ಯೋಜನೆ ಎಂಬ ಪದ ಕಂಡರೆ ಅವನ ಕಣ್ಣು ತಾನಾಗಿಯೇ ಕೆಳಗಿಳಿದು, ಕೊಡುವುದು ಏನೇನು ಎಂಬ ಸಾಲಿಗೆ ಹೋಗಿ ನಿಲ್ಲುತ್ತಿತ್ತು. ಊರವರಿಗೆಲ್ಲ ಹಂಚುವ ಯೋಜನೆಗಳ ಫೈಲು ಹೊತ್ತೂ ಹೊತ್ತೂ, ತನ್ನ ಮನೆಗೂ ಒಂದಾದರೂ ಬರಲಿ ಎಂದು ಕಾದು ಕೂತ ಜೀವ ಅದು.

"ಬಸವಾಜಿ," ಎಂದ ಪಿಸುದನಿಯಲ್ಲಿ, "ಇದು... ಯೋಜನಾ?"

"ಹೌದು, ಪಾಠ..." ಎಂದು ಮಹಂತೇಶ್ ಬಾಯಿ ತೆರೆದ.

"ಮನೆಗೆ ಹೋಗಿ ಓದ್ಕೋ," ಎಂದು ಬಸವಲಿಂಗಪ್ಪ ಅವನನ್ನು ಮೇಲಕ್ಕೆ ಅಟ್ಟಿದರು.

"ನಿಮ್ಮ ಮಗಾನೇ ತಯಾರಿಸ್ತಿರೋದಾ? ಯೂನಿವರ್ಸಿಟಿಯಿಂದ ನೇರವಾಗಿ ಸರ್ಕಾರದ ಕೆಲಸಕ್ಕೆ ತಗೊಂಡ್ರಾ? ಅಚ್ಛಾ! ನೀರಿನ ಯೋಜನೆ!"

ಇಲ್ಲಿ ಬಸವಲಿಂಗಪ್ಪನವರು "ಅಲ್ಲ" ಎಂದಿದ್ದರೆ ಈ ಕಥೆ ಇಲ್ಲೇ ಮುಗಿದು ಓದುಗರ ಸಮಯವೂ ಉಳಿಯುತ್ತಿತ್ತು. ಆದರೆ ಚೌಧರಿಯ ಮುಖದಲ್ಲಿ ಪ್ರಿಪರೇಷನ್ ಕಾಲದ ಆ ಗೌರವ ಮತ್ತೆ ಮೂಡಿತ್ತು. ಅದನ್ನು ಅಳಿಸಲು ಅವರಿಗೆ ಮನಸ್ಸು ಬರಲಿಲ್ಲ.

"ಇನ್ನೂ ಡ್ರಾಫ್ಟ್ ಹಂತದಲ್ಲಿದೆ," ಎಂದರು, ಗಂಟಲು ಸರಿಮಾಡಿಕೊಂಡು. "ಈಗಲೇ ಹೊರಗೆ ಹೇಳೋ ಹಾಗಿಲ್ಲ."

ಸರ್ಕಾರಿ ಕಾಲೋನಿಯಲ್ಲಿ ಒಂದು ಸುದ್ದಿಯನ್ನು ಬೇಗ ಹಬ್ಬಿಸಲು ಇದಕ್ಕಿಂತ ಒಳ್ಳೆಯ ಮಾತು ಇನ್ನೂ ಹುಟ್ಟಿಲ್ಲ.

ಶುಕ್ರವಾರ ಬೆಳಿಗ್ಗೆ ಬಾಗಿಲು ತೆರೆದರೆ ಚಾಪೆಯ ಮೇಲೆ ಹನ್ನೊಂದು ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿಗಳು ಬಿದ್ದಿದ್ದವು. ಶನಿವಾರ ಎದುರು ಬ್ಲಾಕಿನವರೊಬ್ಬರು ಬಂದು, ತಮ್ಮ ಮನೆಯಲ್ಲಿ ಕೆಟ್ಲು ಆಗಲೇ ಇದೆಯೆಂದೂ ಅದರ ಬದಲು ಮಿಕ್ಸಿ ಕೊಡಲು ಯೋಜನೆಯಲ್ಲಿ ಅವಕಾಶವಿದೆಯೇ ಎಂದೂ ವಿನಯದಿಂದ ವಿಚಾರಿಸಿದರು. "ಪರಿಶೀಲಿಸ್ತೀವಿ," ಎಂದುಬಿಟ್ಟರು ಬಸವಲಿಂಗಪ್ಪ, ಬರೀ ಅಭ್ಯಾಸಬಲದಿಂದ. ಸಂಜೆಯೊಳಗೆ ಮಿಕ್ಸಿಯೂ ಸೇರಿತೆಂದು ಸುದ್ದಿಯಾಯಿತು.

ಭಾನುವಾರ ಲೋಧಿ ಕಾಲೋನಿಯಿಂದ ಲೀಲಾವತಿಯ ತಂಗಿ ಇಂದಿರಾ ಆಟೋದಲ್ಲಿ ಬಂದಿಳಿದಳು. ಬಂದವಳೇ ಅಕ್ಕನ ಮೇಲೆ ಹರಿಹಾಯ್ದಳು.

"ಏನಕ್ಕಾ, ಸ್ವಂತ ತಂಗೀಗೇ ಮುಚ್ಚಿಡ್ತೀಯಲ್ಲ! ನಮ್ಮ ಮಹಂತೇಶ ಯೋಜನೆ ಮಾಡ್ತಿದಾನಂತೆ, ಊರಿಗೆಲ್ಲ ಗೊತ್ತು."

"ಮಾಡ್ತಿದಾನೆ. ಮೂವತ್ತೆಂಟಾಯ್ತು," ಎಂದರು ಲೀಲಾವತಿ. ಕೋರ್ಸಿನ ಲೆಕ್ಕದಲ್ಲಿ ಅದು ನಿಜವೇ ಆಗಿತ್ತು.

"ಮೂವತ್ತೆಂಟು ಯೋಜನೇನಾ!" ಇಂದಿರಾ ಸೋಫಾದಲ್ಲಿ ಕುಸಿದಳು. "ಪ್ರಧಾನಿ ಕಚೇರೀಲೂ ಇಷ್ಟು ಆಗಿರಲ್ಲ!"

"ಮಂಗಳವಾರ ಕೊನೇದು. ಎಕ್ಸ್‌ಟರ್ನಲ್‌ನೋರು ನೋಡೋಕೆ ಬರ್ತಾರೆ, ನಮ್ಮ ಸೆಕ್ಟರಿನ ಸ್ಕೂಲಿಗೇ. ಅವನಿಗೆ ಊಟ ಸೇರ್ತಿಲ್ಲ."

ದೆಹಲಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತನೊಬ್ಬನ ಹೆಂಡತಿಯಾಗಿ ಬಾಳಿದವಳಿಗೆ ಎಕ್ಸ್‌ಟರ್ನಲ್ ಎಂದರೆ ಒಂದೇ. ಅದು ಎಕ್ಸ್‌ಟರ್ನಲ್ ಅಫೇರ್ಸ್, ವಿದೇಶಾಂಗ ಸಚಿವಾಲಯ. ಅಂದರೆ ಯೋಜನೆಗೆ ಹೊರದೇಶದ ನೆರವಿದೆ. ಅಂದರೆ ಕೆಟ್ಲು ಜಪಾನಿನದು. ಇಂದಿರಾ ಮೆಟ್ಟಿಲಿಳಿಯುವಾಗ ಚೌಧರಿ ಸಿಕ್ಕ. ಅವಳಿಗೆ ಗೊತ್ತಿದ್ದದ್ದನ್ನು ಅವನಿಗೆ ಹೇಳಿದಳು, ಗೊತ್ತಿಲ್ಲದ್ದನ್ನು ಇನ್ನೂ ವಿವರವಾಗಿ ಹೇಳಿದಳು.

ಮಂಗಳವಾರ ಒಂಬತ್ತು ಗಂಟೆಗೆ ಬಸವಲಿಂಗಪ್ಪನವರು ಊಟದ ಡಬ್ಬಿ ಹಿಡಿದು ಬಸ್ ನಿಲ್ದಾಣದಲ್ಲಿ ನಿಂತಿದ್ದರು. ಎದುರಿನಿಂದ ಒಂದು ಮೆರವಣಿಗೆ ಬಂತು. ಮುಂದೆ ಸಫಾರಿ ಸೂಟು ತೊಟ್ಟ ಚೌಧರಿ, ಕೈಯಲ್ಲಿ ಚೆಂಡುಹೂವಿನ ಹಾರ. ಹಿಂದೆ ಬ್ಲಾಕಿನ ಗಂಡಸರು ಹೆಂಗಸರು, ತಲೆಗೊಂದು ಖಾಲಿ ಬಕೆಟ್ಟು, ಬಕೆಟ್ಟಿನೊಳಗೆ ಜೆರಾಕ್ಸು. ಇಂದಿರಾಳ ಕೈಯಲ್ಲಿ ಎರಡು ಬಕೆಟ್ಟುಗಳಿದ್ದವು.

"ಬಸವಾಜಿ! ಇಲ್ಯಾಕೆ ನಿಂತಿದೀರಿ?" ಎಂದು ಕೂಗಿದ ಚೌಧರಿ. "ಇವತ್ತು ಸ್ಕೂಲಲ್ಲಿ ಉದ್ಘಾಟನೆ! ಎಲ್ಲರೂ ಅರ್ಧ ದಿನ ರಜೆ ಹಾಕಿದೀವಿ. ಚಲೋ, ಚಲೋ!"

ಬಸವಲಿಂಗಪ್ಪನವರು ಬಸ್ಸಿನ ಸಾಲು ಬಿಟ್ಟು ಈಚೆ ಬಂದರು. ತಡೆಯಲು ಬಾಯಿ ತೆರೆಯುವಷ್ಟರಲ್ಲಿ ಮೆರವಣಿಗೆ ರಸ್ತೆ ದಾಟಿತ್ತು. ಅವರು ಡಬ್ಬಿ ಹಿಡಿದುಕೊಂಡೇ ಹಿಂದಿನಿಂದ ಓಡಿದರು.

ಶಾಲೆಯ ಗೇಟಿನಲ್ಲಿ ಯಾರೂ ಅವರನ್ನು ತಡೆಯಲಿಲ್ಲ. ಮುಖ್ಯೋಪಾಧ್ಯಾಯರಿಗೆ ಚೌಧರಿ "ಯೋಜನೆಗೆ ಬಂದಿದೀವಿ" ಎಂದ, ಅವರು ಎದ್ದುನಿಂತು ನಮಸ್ಕಾರ ಮಾಡಿ ದಾರಿ ತೋರಿಸಿದರು. ಯೋಜನೆಯ ಹೆಸರಿನಲ್ಲಿ ಬಂದವರನ್ನು ಯಾವ ಯೋಜನೆ ಎಂದು ಕೇಳಿ ಉಳಿದುಕೊಂಡ ಮುಖ್ಯೋಪಾಧ್ಯಾಯರು ಸರ್ಕಾರಿ ಸೇವೆಯಲ್ಲಿ ಇಲ್ಲ. ಹೀಗಾಗಿ ಬಸವಲಿಂಗಪ್ಪ ಏದುಸಿರು ಬಿಡುತ್ತ ಏಳನೇ ತರಗತಿಯ ಬಾಗಿಲಿಗೆ ಬರುವ ಹೊತ್ತಿಗೆ ನಲವತ್ತೆರಡು ಮಕ್ಕಳ ಹಿಂದೆ, ಮಕ್ಕಳ ಅಳತೆಯ ಬೆಂಚುಗಳಲ್ಲಿ, ಮಂಡಿ ಎದೆಗೆ ತಾಗಿಸಿಕೊಂಡು ಹದಿನೇಳು ಜನ ಬಕೆಟ್ ಸಮೇತ ಕೂತಾಗಿತ್ತು.

ಕರಿಹಲಗೆಯ ಮುಂದೆ ಮಹಂತೇಶ್ ಸೀಮೆಸುಣ್ಣ ಹಿಡಿದು ಶಿಲೆಯಾಗಿ ನಿಂತಿದ್ದ. ಪಕ್ಕದ ಕುರ್ಚಿಯಲ್ಲಿ ಪರೀಕ್ಷಕರು, ಡಾ. ವಿಮಲಾ. ಕನ್ನಡಕದ ಮೇಲಿನಿಂದ ನೋಡುವ ಹೆಂಗಸು. ಅವರ ಕೊರಳಲ್ಲಿ ಚೆಂಡುಹೂವಿನ ಹಾರ ಆಗಲೇ ಬಿದ್ದಿತ್ತು.

"ವಿದೇಶಾಂಗ ಸಚಿವಾಲಯದಿಂದ ಆಗಮಿಸಿರೋ ಮೇಡಂ ಅವರಿಗೆ ಬ್ಲಾಕಿನ ಪರವಾಗಿ ಸ್ವಾಗತ," ಎನ್ನುತ್ತಿದ್ದ ಚೌಧರಿ. ಮಕ್ಕಳು ಚಪ್ಪಾಳೆ ತಟ್ಟಿದರು.

ವಿಮಲಾ ಹಾರವನ್ನು ತೆಗೆದು ಮೇಜಿನ ಮೇಲಿಟ್ಟರು. "ಇವರೆಲ್ಲ ಯಾರು?"

"ನಮ್ಮ ಬಿಲ್ಡಿಂಗಿನವರು ಮೇಡಂ," ಎಂದ ಮಹಂತೇಶ್. ಅವನ ದನಿ ಕೊನೆಯ ಬೆಂಚಿಗೆ ತಲುಪಲಿಲ್ಲ.

"ಯಾಕೆ ಬಂದಿದಾರೆ?"

"ಗೊತ್ತಿಲ್ಲ ಮೇಡಂ."

"ಕೆಟ್ಲಿಗೆ," ಎಂದು ಹಿಂದಿನಿಂದ ಯಾರೋ ಸಹಾಯ ಮಾಡಿದರು. "ಮಿಕ್ಸಿಗೆ," ಎಂದಿತು ಇನ್ನೊಂದು ದನಿ.

ವಿಮಲಾ ಪೆನ್ನು ತೆರೆದರು. "ನೋಡಿ, ಇಪ್ಪತ್ತೆರಡು ವರ್ಷದಿಂದ ಪರೀಕ್ಷೆ ಮಾಡ್ತಿದೀನಿ. ಇಂಥ ತಮಾಷೆ ನೋಡಿಲ್ಲ. ಎರಡು ನಿಮಿಷದಲ್ಲಿ ಇದೇನು ಅಂತ ಯಾರಾದ್ರೂ ಹೇಳಬೇಕು. ಇಲ್ಲಾಂದ್ರೆ 'ಪಾಠ ನಡೆಯಲಿಲ್ಲ' ಅಂತ ಬರೆದು ಹೋಗ್ತೀನಿ. ನಿಮಗೆ ಇನ್ನೊಂದು ಅವಕಾಶ ಇಲ್ಲ ಅನ್ನೋದು ನಿಮಗೇ ಗೊತ್ತು."

ಮಹಂತೇಶ್ ಬಾಗಿಲ ಕಡೆ ನೋಡಿದ. ಅಪ್ಪ ಕಂಡರು. ಬಸವಲಿಂಗಪ್ಪನವರಿಗೆ ಆ ನೋಟ ಎದೆಗೆ ನಾಟಿತು. ಡಬ್ಬಿಯನ್ನು ಕಿಟಕಿಯಲ್ಲಿಟ್ಟು ಒಳಗೆ ಬಂದರು.

"ಮಾನ್ಯರೇ," ಎಂದು ಹಿಂದಿಯಲ್ಲಿ ಶುರುಮಾಡಿದರು, "ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಲಭ್ಯವಿರುವ ಮಾಹಿತಿಯ ಆಧಾರದ ಮೇಲೆ..."

"ಒಂದೂವರೆ ನಿಮಿಷ," ಎಂದರು ವಿಮಲಾ.

ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಸಲ ಬಸವಲಿಂಗಪ್ಪನವರ ಬಾಯಿಂದ ನೇರವಾದ ವಾಕ್ಯಗಳು ಹೊರಟವು.

"ಇದು ಸರ್ಕಾರದ ಯೋಜನೆ ಅಲ್ಲ. ಇದು ಪಾಠ. ಇವನು ನನ್ನ ಮಗ, ಬಿ.ಎಡ್. ಓದ್ತಿದಾನೆ. ಮಿಡ್ಲ್ ಸ್ಕೂಲ್ ಮೇಷ್ಟ್ರಾಗ್ತಾನೆ. ಇವರಿಗೆಲ್ಲ ಸುಳ್ಳು ನಂಬಿಸಿದೋನು ನಾನು. ಮೇಷ್ಟ್ರು ಅಂತ ಹೇಳೋಕೆ ನಂಗೆ ನಾಚಿಕೆ ಆಗಿತ್ತು. ಈಗ ನಾಚಿಕೆ ಆಗ್ತಿರೋದು ಅದಕ್ಕೇ. ತಪ್ಪು ನಂದು ಮೇಡಂ, ಅವನ ಮಾರ್ಕ್ಸ್ ಕಟ್ ಮಾಡಬೇಡಿ."

ದೊಡ್ಡವರೊಬ್ಬರು ಎಲ್ಲರೆದುರು ತಪ್ಪೊಪ್ಪಿಕೊಳ್ಳುವುದನ್ನು ಆ ಮಕ್ಕಳು ಅದೇ ಮೊದಲು ನೋಡುತ್ತಿದ್ದದ್ದರಿಂದ ಬಾಯಿ ತೆರೆದು ಕೂತಿದ್ದರು.

"ಹಾಗಾದ್ರೆ ಭಾವಾ," ಎಂದಳು ಇಂದಿರಾ ಕೊನೆಗೆ, "ಜಪಾನಿನ ಕೆಟ್ಲು?"

"ಅದು ಅಮ್ಮನ ಕೆಟ್ಲು ಚಿಕ್ಕಮ್ಮಾ," ಎಂದ ಮಹಂತೇಶ್. "ಸರೋಜಿನಿ ನಗರದ ಸಂತೆಯದು."

ಗದ್ದಲ ಎದ್ದಿತು. ಮೋಸ ಎಂದ ಒಬ್ಬ. ಅರ್ಧ ದಿನದ ರಜೆ ವಾಪಸ್ ಕೊಡುವವರಾರು ಎಂದ ಇನ್ನೊಬ್ಬ. ವಿಮಲಾ ಮೇಜು ಕುಟ್ಟಿದರು. "ಹೋಗೋರು ಈಗಲೇ ಹೋಗಿ. ಕೂತೋರು ಏಳನೇ ಕ್ಲಾಸಿನ ವಿದ್ಯಾರ್ಥಿಗಳು. ಮಾತಾಡಬೇಕಾದ್ರೆ ಕೈ ಎತ್ತಬೇಕು. ಮೇಷ್ಟ್ರೇ, ಶುರು ಮಾಡಿ." ರಜೆ ಹೇಗೂ ಹೋಗಿತ್ತು, ಹೊರಗೆ ಬಿಸಿಲು ಸುಡುತ್ತಿತ್ತು, ಒಳಗೆ ಫ್ಯಾನಿತ್ತು. ಯಾರೂ ಏಳಲಿಲ್ಲ.

ಮಹಂತೇಶ್ ಸ್ವಿಚ್ ಒತ್ತಿದ. ಕೆಟ್ಲಿನ ನೀರು ಕುದಿಯಿತು. ಆವಿಗೆ ತಣ್ಣನೆಯ ತಟ್ಟೆ ಹಿಡಿದಾಗ ಅಂಚಿನಿಂದ ಹನಿ ಬಿದ್ದು ಮಕ್ಕಳು "ಮಳೆ!" ಎಂದು ಕೂಗಿದರು, ಅವರ ಹಿಂದೆಯೇ ಎದುರು ಬ್ಲಾಕಿನ ಮಿಕ್ಸಿಯವರೂ "ಮಳೆ!" ಎಂದು ಕೂಗಿ, ಕೂಗಿದ್ದಕ್ಕೆ ನಾಚಿ, ಕೈ ಎತ್ತಿದರು. ಅಲ್ಲಿಂದ ಮುಂದೆ ಪಾಠ ತಾನಾಗಿಯೇ ಹರಿಯಿತು. ಒಂದೆಡೆ, ಇನ್ನೊಂದೆಡೆ ಎಂಬ ಮಾತು ಒಮ್ಮೆಯೂ ಬರಲಿಲ್ಲ.

ಮೂರನೇ ಸಾಲಿನಿಂದ ಒಂದು ಕೈ ಮೇಲೆದ್ದಿತು. ಪ್ರಕೃತಿ ಎಂಬ ಹುಡುಗಿ, ಅದೇ ಬ್ಲಾಕಿನ ಎರಡನೇ ಮಹಡಿಯವಳು. "ಸರ್, ನೀರು ಆಕಾಶಕ್ಕೆ ಹೋಗಿ ಮತ್ತೆ ವಾಪಸ್ ಬರುತ್ತೆ ಅಂದ್ರಲ್ಲ. ನಮ್ಮನೇಗೆ ಯಾಕೆ ಬರಲ್ಲ?"

ಒಳ್ಳೆಯ ಅಧಿಕಾರಿಯಾಗಿದ್ದರೆ ಇದು ಪಾಠದ ವ್ಯಾಪ್ತಿಯಲ್ಲಿಲ್ಲ ಎನ್ನುತ್ತಿದ್ದ. ಮಹಂತೇಶ್ ಸೀಮೆಸುಣ್ಣ ಅವಳ ಕೈಗೆ ಕೊಟ್ಟ. "ಬಾ, ನೀನೇ ಬರಿ. ನೀರು ಎಲ್ಲೆಲ್ಲಿ ಹೋಗುತ್ತೆ ನೋಡೋಣ."

ಪ್ರಕೃತಿ ನದಿ ಬರೆದಳು, ದೊಡ್ಡ ಪೈಪು ಬರೆದಳು, ಬ್ಲಾಕು ಬರೆದಳು. ಪೈಪು ನೆಲಮಹಡಿ ಮುಟ್ಟುವ ಜಾಗದಲ್ಲಿ ಒಂದು ಪೆಟ್ಟಿಗೆ ಬರೆದಳು.

"ಇದೇನಮ್ಮಾ?"

"ಚೌಧರಿ ಅಂಕಲ್ ಮೋಟರ್. ಬೆಳಿಗ್ಗೆ ಐದೂವರೆಗೆ ಘುರ್ರ್ ಅನ್ನುತ್ತೆ, ಆಮೇಲೆ ನಮ್ಮ ನಲ್ಲಿ ನಿಂತುಹೋಗುತ್ತೆ." ಅವಳು ಪೆಟ್ಟಿಗೆಯಿಂದ ಒಂದು ಬಾಣ ಎಳೆದು ಕಾರು ಬರೆದಳು. "ಆ ನೀರಲ್ಲಿ ಅಂಕಲ್ ಕಾರು ತೊಳೀತಾರೆ. ಕಾರಿನ ಮೇಲೆ ಬಿಸಿಲು ಬೀಳುತ್ತೆ, ನೀರು ಆವಿಯಾಗಿ ಮೋಡಕ್ಕೆ ಹೋಗುತ್ತೆ." ಬಾಣ ಮೋಡವನ್ನು ಮುಟ್ಟಿತು. "ಚಕ್ರ ಪೂರ್ತಿ ಆಯ್ತು ಸರ್."

ಹದಿನಾರು ತಲೆಗಳು ಒಟ್ಟಿಗೆ ಚೌಧರಿಯ ಕಡೆ ತಿರುಗಿದವು. ಅವನು ಏಳಲು ಹೋದ. ಮಂಡಿ ಬೆಂಚಿನಲ್ಲಿ ಸಿಕ್ಕಿಕೊಂಡಿತ್ತು.

"ಇದು ಸಿಲಬಸ್ಸಲ್ಲಿಲ್ಲ!" ಎಂದು ಅರಚಿದ.

"ಕೈ ಎತ್ತಿ ಮಾತಾಡಿ," ಎಂದರು ವಿಮಲಾ. ಗಂಟೆ ಹೊಡೆಯಿತು.

ಕಾರಿಡಾರಿನಲ್ಲಿ ಬಸವಲಿಂಗಪ್ಪನವರು ಕೈಕಟ್ಟಿ ಕಾದಿದ್ದರು. "ಮೇಡಂ, ಏನಾದ್ರೂ ಹೇಳೋ ಹಾಗಿದ್ರೆ..."

"ಫಲಿತಾಂಶ ಗೋಪ್ಯ," ಎಂದರು ವಿಮಲಾ. ನಾಲ್ಕು ಹೆಜ್ಜೆ ಹೋಗಿ ತಿರುಗಿದರು. "ನಿಮ್ಮ ಮಗನಿಗೆ ಪಾಠ ಮಾಡೋಕೆ ಬರುತ್ತೆ. ಪೂರ್ತಿ ಗೋಪ್ಯವಾಗಿಟ್ಟರೆ ನೀವು ಇಲ್ಲೇ ಬಿದ್ದುಬಿಡ್ತೀರಿ ಅಂತ ಹೇಳಿದೆ."

ತಿಂಗಳೊಪ್ಪತ್ತಿನಲ್ಲಿ ಅಂಕಪಟ್ಟಿಯೂ ಬಂತು. ಮಹಂತೇಶ್ ಮೊದಲ ದರ್ಜೆಯಲ್ಲಿ ತೇರ್ಗಡೆಯಾಗಿದ್ದ. ಬ್ಲಾಕಿನವರು ಒಂದು ವಾರ ಬಸವಲಿಂಗಪ್ಪನವರನ್ನು ಮಾತಾಡಿಸಲಿಲ್ಲ. ಚೌಧರಿಯನ್ನು ಮಾತ್ರ ಎರಡೇ ದಿನಕ್ಕೆ ಮಾತಾಡಿಸತೊಡಗಿದರು. ಮೋಟರ್ ಎಲ್ಲಿ ಸಿಗುತ್ತದೆಂದು ಅವನನ್ನೇ ಕೇಳಬೇಕಿತ್ತಲ್ಲ. ತಿಂಗಳು ಮುಗಿಯುವುದರೊಳಗೆ ಬ್ಲಾಕಿನಲ್ಲಿ ಇನ್ನೂ ಮೂರು ಮೋಟರುಗಳು ಘುರ್ರೆಂದವು.

ಆದರೆ ಬೆಂಚಿನಲ್ಲಿ ಸಿಕ್ಕಿಕೊಂಡ ಮಂಡಿಯ ನೋವು ಚೌಧರಿಗೆ ಮರೆತಿರಲಿಲ್ಲ. ಅವನು ಸರ್ಕಾರಕ್ಕೆ ಆನ್‌ಲೈನಿನಲ್ಲಿ ದೂರು ಹಾಕಿದ. ಜಲಚಕ್ರ ಪಾಠ ಯೋಜನೆಯನ್ನು ಘೋಷಿಸಿ ಫಲಾನುಭವಿಗಳಿಗೆ ಸಾಮಗ್ರಿ ಕೊಡದೆ ವಂಚಿಸಲಾಗಿದೆ, ತನಿಖೆಯಾಗಬೇಕು ಎಂದು. ನೀರಿನವರು ಇದು ಪಾಠದ್ದು ಎಂದು ಶಿಕ್ಷಣದವರಿಗೆ ಕಳಿಸಿದರು. ಶಿಕ್ಷಣದವರು ಇದು ನೀರಿನದು ಎಂದು ಹಿಂದಕ್ಕೆ ಕಳಿಸಿದರು. ಹೀಗೆ ಸುತ್ತಿ ಸುತ್ತಿ ದಣಿದ ಆ ದೂರು, ಎಲ್ಲಿಗೂ ಸೇರದ ದೂರುಗಳು ಕೊನೆಗೆ ಬಂದು ಬೀಳುವ ಸೆಕ್ಷನ್ನಿಗೆ ಬಂದು ಬಿತ್ತು. ಅದರ ಸೆಕ್ಷನ್ ಆಫೀಸರ್ ಬಸವಲಿಂಗಪ್ಪನವರೇ.

ಮೇಲಧಿಕಾರಿ ಕರೆದು ಹೇಳಿದರು: "ಇಂಥ ಯೋಜನೆ ಇಲ್ಲ ಅಂತ ಬರೆದ್ರೆ ಯಾಕಿಲ್ಲ ಅಂತ ಕೇಳ್ತಾರೆ. ಸುಮ್ನೆ 'ಪರಿಶೀಲನೆಯಲ್ಲಿದೆ' ಅಂತ ಹಾಕಿಬಿಡಿ. ಅಂದ ಹಾಗೆ, ಫಲಾನುಭವಿಗಳಿಗೆ ಏನು ಪ್ರಯೋಜನವಾಯ್ತು ಅನ್ನೋ ಕಾಲಂ ಖಾಲಿ ಬಿಡಬೇಡಿ."

ಬಸವಲಿಂಗಪ್ಪನವರು ತಮ್ಮ ಕುರ್ಚಿಗೆ ಬಂದು ಕಂಪ್ಯೂಟರಿನ ಮುಂದೆ ಕೂತರು. ಪರಿಶೀಲನೆಯಲ್ಲಿದೆ ಎಂದು ಟೈಪು ಮಾಡಿದರು, ಅಳಿಸಿದರು. ಆಮೇಲೆ ಬರೆದರು:

"ಇದು ಯೋಜನೆಯಲ್ಲ, ಏಳನೇ ತರಗತಿಯ ಒಂದು ಪಾಠ. ಮಾಡಿದವರು ಮಿಡ್ಲ್ ಸ್ಕೂಲ್ ಶಿಕ್ಷಕರಾಗಲಿರುವ ಶ್ರೀ ಮಹಂತೇಶ್, ನನ್ನ ಮಗ. ನೀರು ಎಲ್ಲಿಗೆ ಹೋಗುತ್ತದೆಂದು ನಲವತ್ತೆರಡು ಮಕ್ಕಳಿಗೆ ಸ್ಪಷ್ಟವಾಗಿ ತಿಳಿದಿದೆ. ಹಾಜರಿದ್ದ ಹದಿನೆಂಟು ಮಂದಿ ಬಡಾವಣೆಯ ಹಿರಿಯರಲ್ಲಿ ಒಬ್ಬನಿಗೆ ಮಾತ್ರ ಪಾಠ ತಲೆಗೆ ಹತ್ತಿದೆ. ಅವನ ಸಹಿ ಕೆಳಗಿದೆ."